ಅಗಲ, ತೂಕ, ವೆಚ್ಚ: ಆ್ಯಂಟಿ ಡಂಪಿಂಗ್ ಅರ್ಜಿ ಕಟ್ಟುವ ಕೆಲಸ

ವಿದೇಶದ ತಯಾರಕ ತನ್ನ ದೇಶದ ಬೆಲೆಗಿಂತ ಕಡಿಮೆಗೆ ಇಲ್ಲಿಗೆ ಮಾರಿದರೆ ಅದು ಡಂಪಿಂಗ್; ಅದನ್ನು ಸರಿದೂಗಿಸಲು ಹಾಕುವ ಹೆಚ್ಚುವರಿ ಆಮದು ಸುಂಕವೇ ಆ್ಯಂಟಿ ಡಂಪಿಂಗ್ ಸುಂಕ. ಅಗ್ಗದ ಆಮದಿನಿಂದ ಸೋತ ಕಾರ್ಖಾನೆಯವರು ಮೊದಲು ಕೇಳುವುದು 'ವಕೀಲರು ಯಾರು?' ಎಂದು. ನಾನು ಮೊದಲು ಕೇಳುವುದು 'ನಿಮ್ಮ ಕಾಯಿಲ್‌ನ ಅಗಲ ಎಷ್ಟು?' ಎಂದು. ಕಾಯಿಲ್ ಎಂದರೆ ಸುರುಳಿ ಸುತ್ತಿದ ಲೋಹದ ಹಾಳೆ. ಉಕ್ಕು, ಅಲ್ಯೂಮಿನಿಯಂ ಅರ್ಜಿಗಳಿಗೆ ವೆಚ್ಚದ ಲೆಕ್ಕ ಮತ್ತು ಆಮದಿನ ಅಂಕಿಅಂಶ ಸಿದ್ಧಪಡಿಸುವುದು ನನ್ನ ಕೆಲಸ. ಎಷ್ಟು ಸುಂಕ ಬೀಳುತ್ತದೆ ಎನ್ನುವುದರ ಮುಕ್ಕಾಲು ಪಾಲು ದೆಹಲಿಯ ವಿಚಾರಣೆಗೆ ಮೊದಲೇ ಎಕ್ಸೆಲ್ ಹಾಳೆಯಲ್ಲಿ ಗಟ್ಟಿಯಾಗಿರುತ್ತದೆ.

ಅಗಲದ ಮಾತಿಗೆ ಕೋಲ್ಡ್ ರೋಲ್ಡ್ (ಕಾಯಿಸದೆ ಉರುಳೆಗಳ ನಡುವೆ ತೆಳುವಾಗಿಸಿದ) ಸ್ಟೇನ್‌ಲೆಸ್ ಉಕ್ಕಿನ ಪ್ರಕರಣವನ್ನೇ ನೋಡಿ. ಚೀನಾ, ಕೊರಿಯಾ, ತೈವಾನ್ ಮುಂತಾದೆಡೆಯಿಂದ ಬರುವ ಈ ಸರಕಿನ ಮೇಲೆ ಇದ್ದ ಸುಂಕವನ್ನು 2015ರ ಡಿಸೆಂಬರ್‌ನಲ್ಲಿ ಮುಂದುವರಿಸಿದರು. ಸುಂಕ ಯಾವ ಸರಕಿಗೆ ಎಂದು ಹೇಳುವ ವ್ಯಾಖ್ಯೆಯಲ್ಲಿ ಇದ್ದದ್ದು 600ರಿಂದ 1250 ಮಿ.ಮೀ. ಅಗಲ, 4 ಮಿ.ಮೀ.ವರೆಗಿನ ದಪ್ಪ. ಮಿಲ್ ಎಡ್ಜ್ (ಅಂಚು ಕತ್ತರಿಸದ್ದು) ಆದರೆ 30 ಮಿ.ಮೀ., ಟ್ರಿಮ್ ಎಡ್ಜ್ (ಅಂಚು ಕತ್ತರಿಸಿದ್ದು) ಆದರೆ 4 ಮಿ.ಮೀ. ಟಾಲರೆನ್ಸ್, ಅಂದರೆ ಹೆಚ್ಚುಕಡಿಮೆಗೆ ಬಿಟ್ಟ ಅವಕಾಶ. ಅಷ್ಟೇ ಸಾಕಾಯಿತು: 1250ಕ್ಕಿಂತ ತುಸು ಅಗಲದ ಕಾಯಿಲ್‌ಗಳು ಬರತೊಡಗಿದವು. ಇಳಿಸಿಕೊಂಡ ಮೇಲೆ ಸ್ಲಿಟಿಂಗ್ ಲೈನ್‌ನಲ್ಲಿ ಅಂಚು ಕತ್ತರಿಸಿದರೆ ಹಳೆಯ ಅಗಲವೇ. ಸುಂಕ ತಪ್ಪಿಸುವ ಈ ದಾರಿಯ ಮೇಲೆ ಬೇರೆಯೇ ತನಿಖೆ ನಡೆದು, 1250 ದಾಟಿದ ಸರಕಿಗೂ ಸುಂಕ ಚಾಚಿದ್ದು 2017ರಲ್ಲಿ. ಅದುವರೆಗೆ ಬಂದದ್ದು ಬಂದೇ ಬಂತು.

ಹಾಗಾಗಿ ಉತ್ಪನ್ನದ ವ್ಯಾಖ್ಯೆ ಬರೆಯುವಾಗ ನಾನು ಮಾರಾಟ ವಿಭಾಗದವರ ಬದಲು ಸ್ಲಿಟಿಂಗ್ ಲೈನ್‌ನ ಫೋರ್‌ಮನ್ ಜೊತೆ ಕೂರುತ್ತೇನೆ. ಗಿರಾಕಿ ಯಾವ ಅಗಲ, ಯಾವ ದಪ್ಪವನ್ನು ಬೇರೊಂದಕ್ಕೆ ಬದಲಾಗಿ ಒಪ್ಪುತ್ತಾನೆ ಎಂಬುದು ಅವರಿಗೇ ಗೊತ್ತು. ಟ್ಯಾರಿಫ್ ಕೋಡ್ ನಂಬಿ ವ್ಯಾಖ್ಯೆ ಬರೆಯಬಾರದು. ಸ್ಟೇನ್‌ಲೆಸ್ ಹಾಳೆಗಳಿಗೆ ಇರುವ 7219, 7220 ಎಂಬ ಶೀರ್ಷಿಕೆಗಳು ದಾರಿ ತೋರಿಸಲು ಮಾತ್ರ. ಇದರ ತಿರುಗುಮುರುಗಾದ ತಪ್ಪೂ ಇದೆ. ನೀವು ತಯಾರಿಸದ ಗ್ರೇಡನ್ನು ಆಸೆಗೆ ಬಿದ್ದು ಒಳಗೆ ಸೇರಿಸಿದರೆ, ಅದನ್ನು ಬಳಸುವವರು ಬಂದು ತಕರಾರು ಎತ್ತುತ್ತಾರೆ, ವ್ಯಾಖ್ಯೆ ನಡುದಾರಿಯಲ್ಲಿ ಕಿರಿದಾಗುತ್ತದೆ, ಆಮದಿನ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಕಾನೂನಿನ ಚೌಕಟ್ಟು ದೊಡ್ಡದಲ್ಲ. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 9ಎ ಕಲಂ, ಅದರಡಿ 1995ರ ನಿಯಮಗಳು. ತನಿಖೆ ನಡೆಸುವುದು ವಾಣಿಜ್ಯ ಸಚಿವಾಲಯದ ಡಿಜಿಟಿಆರ್, ಅಂದರೆ 2018ರಲ್ಲಿ ರೂಪುಗೊಂಡ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ. ಅದು ಶಿಫಾರಸು ಮಾತ್ರ ಮಾಡುತ್ತದೆ. ಸುಂಕ ಹಾಕುವುದು ಹಣಕಾಸು ಸಚಿವಾಲಯ. ತನಿಖೆಗೆ ಒಂದು ವರ್ಷ, ಬೇಕಾದರೆ ಇನ್ನಾರು ತಿಂಗಳು. ತನಿಖೆ ಆರಂಭವಾಗಿ 60 ದಿನ ಕಳೆಯುವ ಮೊದಲು ತಾತ್ಕಾಲಿಕ ಸುಂಕವೂ ಇಲ್ಲ.

ಅರ್ಜಿ ಹಾಕುವ ಯೋಗ್ಯತೆ ಮೊದಲ ಅಡ್ಡಗೋಡೆ. ಅರ್ಜಿಯನ್ನು ಬಾಯಿಬಿಟ್ಟು ಬೆಂಬಲಿಸುವವರ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯ ಶೇ. 25ಕ್ಕೆ ಕಡಿಮೆ ಇರಬಾರದು. ಬೆಂಬಲ, ವಿರೋಧ ಎರಡನ್ನೂ ಕೂಡಿಸಿದಾಗ ಬೆಂಬಲದ ಪಾಲು ಶೇ. 50 ಮೀರಬೇಕು. ಎಡವುವುದು ಇಲ್ಲಲ್ಲ. ಅರ್ಜಿದಾರರೇ ಆ ವರ್ಷ ಒಂದೆರಡು ಹಡಗು ಅದೇ ಸರಕು ತರಿಸಿರುತ್ತಾರೆ, ಅಥವಾ ವಿದೇಶದ ರಫ್ತುದಾರನ ಜೊತೆ ಪಾಲುದಾರಿಕೆ ಇರುತ್ತದೆ. ಅಂಥವರನ್ನು 'ದೇಶೀಯ ಉದ್ಯಮ'ದಿಂದ ಹೊರಗಿಡಲು ನಿಯಮದಲ್ಲೇ ಅವಕಾಶವಿದೆ. ಖರೀದಿ ವಿಭಾಗದ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ದಾಖಲೆ) ಪಟ್ಟಿಯನ್ನು ಮೊದಲ ದಿನವೇ ತರಿಸಿಕೊಳ್ಳುವುದು ಈ ಕಾರಣಕ್ಕೆ.

ತನಿಖಾ ಅವಧಿ, ಅಂದರೆ ಆಮದು ಮತ್ತು ಬೆಲೆಗಳನ್ನು ಪರಿಶೀಲಿಸುವ ಹಿಂದಿನ ಕಾಲ, ಸಾಮಾನ್ಯವಾಗಿ 12 ತಿಂಗಳು, ಹಾನಿಯ ಪರಿಶೀಲನೆಗೆ ಅದರ ಹಿಂದಿನ ಮೂರು ವರ್ಷ. ತನಿಖೆ ಶುರುವಾಗುವಾಗ ಆ ಅವಧಿ ಆರು ತಿಂಗಳಿಗಿಂತ ಹಳತಾಗಿರಬಾರದು. ಅವಧಿ ಮುಗಿದ ಮೇಲೆ ಲೆಕ್ಕ ಮುಚ್ಚಿ, ಅಂಕಿಅಂಶ ತರಿಸಿ, ಅರ್ಜಿಯ ಕೊರತೆಗಳನ್ನು ಸರಿಪಡಿಸುವಷ್ಟರಲ್ಲಿ ಆರು ತಿಂಗಳು ನೀರಿನಂತೆ ಹರಿದುಹೋಗುತ್ತವೆ. ಲೋಹಗಳಲ್ಲಿ ಇನ್ನೊಂದು ತೊಡಕು. 2022ರ ಮಾರ್ಚ್ 8ರಂದು ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನಲ್ಲಿ ಸ್ಟೇನ್‌ಲೆಸ್‌ನಲ್ಲಿ ಬೆರೆಸುವ ನಿಕಲ್ ಟನ್ನಿಗೆ ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ನಿಲ್ಲಿಸಿದರು. ಇಂಥ ಏರಿಳಿತ ತನಿಖಾ ಅವಧಿಯ ಒಳಗೆ ಬಿದ್ದರೆ ವಾರ್ಷಿಕ ಸರಾಸರಿ ಏನನ್ನೂ ಹೇಳುವುದಿಲ್ಲ. ಆಮದು ಹೆಚ್ಚು ಬಂದದ್ದು ನಿಕಲ್ ಅಗ್ಗವಿದ್ದಾಗ, ನಿಮ್ಮ ಮಾರಾಟ ಹೆಚ್ಚಾದದ್ದು ದುಬಾರಿಯಿದ್ದಾಗ ಎಂದಿಟ್ಟುಕೊಳ್ಳಿ. ಇಲ್ಲದ ಡಂಪಿಂಗ್ ಕಾಣುತ್ತದೆ, ಎದುರಿನವರು ಅದನ್ನು ಐದು ನಿಮಿಷದಲ್ಲಿ ಬಿಚ್ಚಿಡುತ್ತಾರೆ. ತಿಂಗಳುವಾರು ಅಥವಾ ತ್ರೈಮಾಸಿಕವಾರು ಹೋಲಿಕೆಯ ಹಾಳೆ ನಾನು ಯಾವಾಗಲೂ ಜೊತೆಗಿಡುತ್ತೇನೆ.

ಇನ್ನು ಆಮದಿನ ಅಂಕಿಅಂಶ. ವಿದೇಶ ವ್ಯಾಪಾರದ ಅಂಕಿಅಂಶ ಕೂಡಿಡುವ ಸರ್ಕಾರಿ ಕಚೇರಿ, ಕೋಲ್ಕತ್ತದ ಡಿಜಿಸಿಐಎಸ್‌ನಿಂದ ವಹಿವಾಟುವಾರು ದತ್ತಾಂಶ ಬರುತ್ತದೆ, ಸಾವಿರಾರು ಸಾಲು. ಒಂದೊಂದು ಸಾಲಿನ ವಿವರಣೆಯನ್ನೂ ಕಣ್ಣಿಂದ ಓದಬೇಕು, ಅಡ್ಡದಾರಿ ಇಲ್ಲ. 'ಸಿಆರ್ ಎಸ್‌ಎಸ್ ಕಾಯಿಲ್ ಜೆ3 0.30×620' ಎಂಬ ಸಾಲು ಸ್ಪಷ್ಟ: ಕೋಲ್ಡ್ ರೋಲ್ಡ್ ಸ್ಟೇನ್‌ಲೆಸ್, 200 ಸರಣಿ, ಕಡಿಮೆ ನಿಕಲ್, ಪಾತ್ರೆ ಮಾಡುವವರ ಸರಕು. 'ಸ್ಟೇನ್‌ಲೆಸ್ ಶೀಟ್ಸ್ ಅಸಾರ್ಟೆಡ್' ಎಂಬ ಸಾಲು ಏನನ್ನೂ ಹೇಳುವುದಿಲ್ಲ. ಕಿಲೋ ದರ ನೋಡಿ ಊಹಿಸಬೇಕು, ಊಹಿಸಿದ್ದನ್ನು ಪಕ್ಕದ ಕಾಲಂನಲ್ಲಿ ಬರೆದಿಡಬೇಕು. ಪ್ರಮಾಣ 24,650, ಘಟಕ 'ಟನ್', ಮೌಲ್ಯ 34,01,700 ರೂ. ಎಂದಿದ್ದರೆ ಅದು ಟನ್ ಅಲ್ಲ, ಕಿಲೋ: 34 ಲಕ್ಷವನ್ನು ಭಾಗಿಸಿದರೆ 138 ರೂ. ಬರುತ್ತದೆ, ಆ ಬೆಲೆಗೆ ಟನ್ ಉಕ್ಕು ಎಲ್ಲೂ ಸಿಗದು. ಕಾಯಿಲ್ ತುಂಬಿದ ಒಂದು ಕಂಟೇನರ್ ಸುಮಾರು 25 ಟನ್ ಎಂಬ ಸರಳ ಅಳತೆ ತಲೆಯಲ್ಲಿದ್ದರೆ ಇಂಥ ತಪ್ಪುಗಳಲ್ಲಿ ಅರ್ಧ ಹಾಗೇ ಸಿಕ್ಕಿಬೀಳುತ್ತವೆ. ಸರಕು ಹೊರಟ ದೇಶವನ್ನಲ್ಲ, ತಯಾರಾದ ದೇಶವನ್ನು ಹಿಡಿಯಬೇಕು. ಹಾಂಗ್‌ಕಾಂಗ್ ವ್ಯಾಪಾರಿಯ ಬಿಲ್ ಇದ್ದ ಮಾತ್ರಕ್ಕೆ ಉಕ್ಕು ಹಾಂಗ್‌ಕಾಂಗಿನದಾಗುವುದಿಲ್ಲ. ಸೆಕೆಂಡ್ಸ್ (ಎರಡನೇ ದರ್ಜೆಯ ಸರಕು), ಡಿಫೆಕ್ಟಿವ್, ಸ್ಯಾಂಪಲ್ ಎಂದಿರುವ ಸಾಲುಗಳನ್ನು ಅಳಿಸದೆ ಬೇರೆ ಹಾಳೆಗೆ ಎತ್ತಿಡಿ. ಏಕೆ ತೆಗೆದಿರಿ ಎಂದು ಕೇಳುವವರು ಬಂದೇ ಬರುತ್ತಾರೆ.

ವಿಂಗಡಿಸಿದ ಮೇಲೆ ಪ್ರತಿ ಸಾಲಿಗೂ ಪಿಸಿಎನ್ ಎಂಬ ಗುರುತಿನ ಸಂಖ್ಯೆ ಕೊಡುತ್ತೇನೆ: ಸರಣಿ, ದಪ್ಪ, ಅಗಲ, ಫಿನಿಶ್, ಅಂಚು. 0.3 ಮಿ.ಮೀ. ಹಾಳೆಗೆ 3 ಮಿ.ಮೀ.ಗಿಂತ ಹೆಚ್ಚು ಪಾಸ್ (ಉರುಳೆಗಳ ನಡುವೆ ಹಾಯಿಸುವುದು) ಬೇಕು, ಹೆಚ್ಚು ಅನೀಲಿಂಗ್ (ಕಾಯಿಸಿ ಮೆದುಗೊಳಿಸುವುದು) ಬೇಕು, ವೆಚ್ಚ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ನಿಲ್ಲುವುದಿಲ್ಲ. ಆದರೆ ಮೂವತ್ತು ಅಂಕಿಯ ಪಿಸಿಎನ್ ಕೂಡ ಹುಚ್ಚುತನ. ಅಷ್ಟು ವಿವರ ಆಮದಿನ ದತ್ತಾಂಶದಲ್ಲಿ ಇರುವುದೇ ಇಲ್ಲ.

ಈಗ ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ. ಬಂದರಿಗೆ ಮುಟ್ಟಿದ ಸಿಐಎಫ್ ಬೆಲೆ (ವಿಮೆ, ಸಾಗಣೆ ಸೇರಿದ್ದು) ಟನ್ನಿಗೆ 2000 ಡಾಲರ್. ಅದರಲ್ಲಿ ಸಮುದ್ರ ಸಾಗಣೆ 60, ವಿಮೆ 5, ಅಲ್ಲಿನ ಒಳನಾಡ ಸಾಗಣೆ 20, ಬಂದರು ಖರ್ಚು 15, ಕಮಿಷನ್ 20, ಬ್ಯಾಂಕ್ ಖರ್ಚು 5 ಕಳೆದರೆ ಕಾರ್ಖಾನೆ ಬಾಗಿಲಿನ ಬೆಲೆ 1875. ಅವರ ದೇಶದಲ್ಲಿ ಅದೇ ಮಟ್ಟದ ಸಾಮಾನ್ಯ ಬೆಲೆ 2250 ಎಂದಾದರೆ ವ್ಯತ್ಯಾಸ 375, ಡಂಪಿಂಗ್ ಮಾರ್ಜಿನ್ ಶೇ. 20. ಇದು ಶೇ. 2ಕ್ಕಿಂತ ಕಡಿಮೆ ಇದ್ದರೆ ಕಡತ ಮುಚ್ಚಿದಂತೆ. ಒಂದು ದೇಶದ ಪಾಲು ಒಟ್ಟು ಆಮದಿನ ಶೇ. 3ಕ್ಕಿಂತ ಕಡಿಮೆ ಇದ್ದರೂ ಅಷ್ಟೇ. ಅಂಥ ಚಿಕ್ಕ ದೇಶಗಳೆಲ್ಲ ಸೇರಿ ಶೇ. 7 ಮೀರಿದರೆ ಮಾತ್ರ ಬೇರೆ ಮಾತು.

ಚೀನಾದ ಸಂದರ್ಭದಲ್ಲಿ ಸಾಮಾನ್ಯ ಬೆಲೆಯ ದಾರಿ ಬೇರೆ. ತನ್ನ ವೆಚ್ಚ, ಬೆಲೆಗಳು ಮಾರುಕಟ್ಟೆಯಿಂದಲೇ ರೂಪುಗೊಂಡಿವೆ ಎಂದು ಅಲ್ಲಿನ ತಯಾರಕ ಸಾಬೀತು ಮಾಡದಿದ್ದರೆ, ಬಹಳ ಸಲ ಭಾರತದ ಉದ್ಯಮದ ವೆಚ್ಚಕ್ಕೇ ಆಡಳಿತ ಖರ್ಚು ಮತ್ತು ಸಾಮಾನ್ಯವಾಗಿ ಶೇ. 5ರ ಲಾಭ ಸೇರಿಸಿ ಸಾಮಾನ್ಯ ಬೆಲೆ ಕಟ್ಟುತ್ತಾರೆ. ಅಂದರೆ ನಿಮ್ಮ ವೆಚ್ಚದ ಹಾಳೆ ಎರಡು ಕಡೆ ದುಡಿಯುತ್ತದೆ, ತಪ್ಪಿದರೆ ಎರಡು ಕಡೆಯೂ ಕೈಕೊಡುತ್ತದೆ.

ಎರಡನೆಯ ಕಡೆ ಎಂದರೆ ಎನ್‌ಐಪಿ, ಅಂದರೆ ದೇಶೀಯ ಉದ್ಯಮಕ್ಕೆ ಹಾನಿಯಾಗದ ಬೆಲೆ. ನಿಯಮಗಳ ಮೂರನೆಯ ಅನುಬಂಧ ಇದರ ಅಡುಗೆಪುಸ್ತಕ. ಕಚ್ಚಾವಸ್ತು, ವಿದ್ಯುತ್ತು-ಇಂಧನ, ಸಾಮರ್ಥ್ಯ ಈ ಮೂರರಲ್ಲೂ ನಾಲ್ಕು ವರ್ಷಗಳ ಪೈಕಿ ಅತ್ಯುತ್ತಮ ಬಳಕೆಯನ್ನು ಹಿಡಿದು, ದರ ಮಾತ್ರ ತನಿಖಾ ಅವಧಿಯದ್ದನ್ನು ಹಾಕುತ್ತಾರೆ. ಒಂದು ಟನ್ ಕೋಲ್ಡ್ ರೋಲ್ಡ್‌ಗೆ ಬೇಕಾದ ಹಾಟ್ ರೋಲ್ಡ್ ಕಾಯಿಲ್ ನಾಲ್ಕು ವರ್ಷಗಳಲ್ಲಿ 1.062, 1.055, 1.048, 1.051 ಟನ್ ಇದ್ದರೆ ಸಿಗುವುದು 1.048. ಕಾಯಿಲ್ ಟನ್ನಿಗೆ 1,60,000 ರೂ. ಇದ್ದರೆ, ಕೊನೆಯ ವರ್ಷದ 1.051ಕ್ಕೆ ಹೋಲಿಸಿದಾಗ 480 ರೂ. ಅಲ್ಲೇ ಹೋಯಿತು. ಸಾಮರ್ಥ್ಯದ ಹೊಡೆತ ಇನ್ನೂ ದೊಡ್ಡದು. ಲಕ್ಷ ಟನ್ ಸಾಮರ್ಥ್ಯ, 17.6 ಕೋಟಿ ರೂ. ಸ್ಥಿರ ವೆಚ್ಚ, ಈ ವರ್ಷ ಓಡಿದ್ದು ಶೇ. 68, ಅತ್ಯುತ್ತಮ ವರ್ಷ ಶೇ. 88. ನಿಮ್ಮ ಪುಸ್ತಕದಲ್ಲಿ ಟನ್ನಿಗೆ 2588 ರೂ., ಎನ್‌ಐಪಿಯಲ್ಲಿ 2000. 'ಆಮದಿನಿಂದಲೇ ಅಲ್ಲವೇ ನಮ್ಮ ಮಿಲ್ ಖಾಲಿ ನಿಂತದ್ದು' ಎಂದು ಕಾರ್ಖಾನೆಯವರು ಸಿಟ್ಟಾಗುತ್ತಾರೆ. ಸಿಟ್ಟು ನ್ಯಾಯವೇ, ಆದರೆ ಸೂತ್ರ ಬದಲಾಗದು.

ಇದರ ಮೇಲೆ ತೊಡಗಿಸಿದ ಸರಾಸರಿ ಬಂಡವಾಳಕ್ಕೆ ಶೇ. 22ರ ಪ್ರತಿಫಲ. ಬಡ್ಡಿ, ಲಾಭ ಎರಡೂ ಅದರಲ್ಲೇ. ಬಡ್ಡಿಯನ್ನು ಬೇರೆ ಸೇರಿಸಿದರೆ ತನಿಖಾ ತಂಡ ಮೊದಲ ನೋಟಕ್ಕೇ ಕಿತ್ತುಹಾಕುತ್ತದೆ. ಆಸ್ತಿಯ ಮರುಮೌಲ್ಯಮಾಪನ, ಹೊರಸಾಗಣೆ, ಕಮಿಷನ್, ರಿಯಾಯಿತಿ, ದಾನ, ಬಾರದ ಸಾಲ, ಬೆಂಕಿ-ನೆರೆಯ ನಷ್ಟ ಯಾವುದೂ ಬರುವುದಿಲ್ಲ. ಅಳುಕಿಲ್ಲದೆ ನೀವೇ ಮೊದಲು ತೆಗೆದುಬಿಡಿ.

ಈಗ ಆಮದಿನ ಬಂದಿಳಿದ ಬೆಲೆ, ಅಂದರೆ ಬಂದರು ದಾಟಿ ಬಿದ್ದ ಬೆಲೆ. ಡಾಲರ್‌ಗೆ 85 ರೂ. ಹಿಡಿದರೆ 2000 ಡಾಲರ್ 1,70,000 ರೂ. ಶೇ. 7.5 ಮೂಲ ಸುಂಕ 12,750, ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್ 1275. ಒಟ್ಟು 1,84,025. ಜಿಎಸ್‌ಟಿ ಸೇರಿಸಬೇಡಿ, ಅದು ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಎನ್‌ಐಪಿ 2,05,000 ಆದರೆ ಹಾನಿಯ ಅಂತರ 20,975 ರೂ., ಶೇ. 11.4, ಡಾಲರ್‌ನಲ್ಲಿ ಸುಮಾರು 247. ಡಂಪಿಂಗ್ ಅಂತರ 375 ಇದ್ದರೂ ಸಿಗುವ ಸುಂಕ 247, ಏಕೆಂದರೆ ಎರಡರಲ್ಲಿ ಕಡಿಮೆಯದನ್ನೇ ಹಾಕುವುದು ಭಾರತದ ನಿಯಮ. ಹಾಗಾಗಿ ವಿದೇಶದ ಬೆಲೆ ಪತ್ತೆಗೆ ತಿಂಗಳುಗಟ್ಟಲೆ ಓಡಾಡಿ, ತಮ್ಮ ಯೀಲ್ಡ್ (ಕಚ್ಚಾವಸ್ತುವಿನಿಂದ ಎಷ್ಟು ಸರಕು ಸಿಕ್ಕಿತು ಎಂಬ) ಲೆಕ್ಕವನ್ನು ಸಂಜೆಯೊಂದರಲ್ಲಿ ಮುಗಿಸುವವರನ್ನು ಕಂಡರೆ ನನಗೆ ಕನಿಕರ.

ಅರ್ಜಿಯ ಗೌಪ್ಯವಲ್ಲದ, ಎದುರಿನವರೂ ಓದುವ ಪ್ರತಿಯಲ್ಲಿ ಅಂಕಿಗಳನ್ನು ಮೊದಲ ವರ್ಷ 100 ಎಂದಿಟ್ಟು ಸೂಚ್ಯಂಕವಾಗಿ ಕೊಡುತ್ತೇವೆ. ಇಲ್ಲಿ ಅನಾಹುತ ಆಗುವುದು ಸಣ್ಣದರಿಂದ: ಪಿಡಿಎಫ್‌ನಲ್ಲಿ ಕಪ್ಪು ಬಳಿದ ಜಾಗದ ಕೆಳಗೆ ಅಂಕಿ ಹಾಗೇ ಕೂತಿರುತ್ತದೆ, ಕಾಪಿ ಮಾಡಿದರೆ ಹೊರಬರುತ್ತದೆ. ಇಲ್ಲವೇ ಕಂಪನಿಯ ವಾರ್ಷಿಕ ವರದಿಯಲ್ಲಿ ಒಂದು ವರ್ಷದ ನಿಜ ಉತ್ಪಾದನೆ ಅಚ್ಚಾಗಿರುತ್ತದೆ; ಆ ಒಂದು ಅಂಕಿಯಿಂದ ಉಳಿದ ವರ್ಷಗಳನ್ನೆಲ್ಲ ಗುಣಿಸಿ ತೆಗೆಯಬಹುದು.

ಪರಿಶೀಲನೆಗೆ ಬರುವ ತಂಡ ಟ್ರಯಲ್ ಬ್ಯಾಲೆನ್ಸ್‌ನಿಂದ (ಎಲ್ಲ ಖಾತೆಗಳ ಬಾಕಿ ಪಟ್ಟಿ) ಶುರುಮಾಡಿ ಅರ್ಜಿಯ ಅಂಕಿವರೆಗೆ ನಡೆದುಕೊಂಡು ಬರುತ್ತದೆ. ಕಾಸ್ಟ್ ಆಡಿಟ್ ವರದಿ, ಜಿಎಸ್‌ಟಿ ರಿಟರ್ನ್, ಅರ್ಜಿ ಮೂರರ ಮಾರಾಟದ ಅಂಕಿ ತಾಳೆಯಾಗಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ ಎಂಬ ಒಂದು ಪುಟದ ಸಮನ್ವಯ ಪಟ್ಟಿ ಕೈಯಲ್ಲಿರಬೇಕು. ಸಾಮಾನ್ಯ ಕಾರಣ ಸೆಕೆಂಡ್ಸ್ ಮಾರಾಟ, ಜಾಬ್‌ವರ್ಕ್, ಘಟಕದಿಂದ ಘಟಕಕ್ಕೆ ವರ್ಗಾವಣೆ.

ಸಬ್ಸಿಡಿ ವಿರುದ್ಧದ ಪ್ರಕರಣ, ಅಂದರೆ 9ನೇ ಕಲಂನ ಕೌಂಟರ್‌ವೇಲಿಂಗ್ ಸುಂಕ, ಬೇರೆ ಜಾತಿಯದು. ಅಲ್ಲಿ ಎದುರಾಳಿ ಕಾರ್ಖಾನೆ ಮಾತ್ರವಲ್ಲ, ಸರ್ಕಾರವೂ ಹೌದು. ತನಿಖೆಗೆ ಮೊದಲೇ ಆ ಸರ್ಕಾರವನ್ನು ಮಾತುಕತೆಗೆ ಕರೆಯಬೇಕು. ಅಗ್ಗದ ಸಾಲ, ಅಗ್ಗದ ಭೂಮಿ, ತೆರಿಗೆ ವಿನಾಯಿತಿ ಒಂದೊಂದನ್ನೂ ಯೋಜನೆವಾರು ಕಾನೂನು ಪಠ್ಯದೊಂದಿಗೆ ತೋರಿಸಬೇಕು. ಚೀನಾದ ಸ್ಟೇನ್‌ಲೆಸ್ ಹಾಳೆಗಳ ಮೇಲೆ 2017ರ ಸೆಪ್ಟೆಂಬರ್‌ನಲ್ಲಿ ಹೀಗೇ ಶೇ. 18.95 ಸುಂಕ ಬಂತು. 2021ರ ಬಜೆಟ್ಟಿನಲ್ಲಿ ಅದಕ್ಕೆ ತಡೆ ಬಿತ್ತು, 2022ರಲ್ಲಿ ಲೋಹಗಳ ಬೆಲೆ ಏರಿಕೆಯ ಕಾರಣಕ್ಕೆ ರದ್ದೇ ಆಯಿತು. ಐದು ವರ್ಷದ ಸುಂಕ ಐದು ವರ್ಷ ನಿಂತೇ ನಿಲ್ಲುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ.

ಆ ಕಾರಣಕ್ಕೇ ಬಳಕೆದಾರರ ಮೇಲಿನ ಪರಿಣಾಮವನ್ನು ಅರ್ಜಿದಾರರೇ ಲೆಕ್ಕ ಹಾಕಿ ಕೊಡುವುದು ಒಳ್ಳೆಯದು. ಮೇಲಿನ ಉದಾಹರಣೆಯ ಸುಂಕ ಕಿಲೋಗೆ 21 ರೂ.; ಅರ್ಧ ಕಿಲೋ ಉಕ್ಕು ಹಿಡಿಯುವ ಪಾತ್ರೆಗೆ ಹತ್ತೂವರೆ. ಪೀಣ್ಯದ ಫ್ಯಾಬ್ರಿಕೇಟರ್‌ಗೆ ಇದು ಹಗುರದ ಮಾತಲ್ಲ, ಅವನ ದರ ಗುತ್ತಿಗೆಯಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಮುಚ್ಚಿಟ್ಟರೆ ಅವರ ಸಂಘ ಇದಕ್ಕಿಂತ ದೊಡ್ಡ ಅಂಕಿ ಹಿಡಿದು ಬರುತ್ತದೆ.

ಸುಂಕದ ರೂಪವನ್ನೂ ಅರ್ಜಿಯಲ್ಲೇ ಕೇಳಬೇಕು. ತೋರಣಗಲ್ಲಿನಲ್ಲಿ ದೊಡ್ಡ ಘಟಕವಿರುವ ಜೆಎಸ್‌ಡಬ್ಲ್ಯು ಸೇರಿದಂತೆ ದೇಶೀಯ ತಯಾರಕರ ಅರ್ಜಿಯ ಮೇಲೆ ಆರು ದೇಶಗಳ ಹಾಟ್ ರೋಲ್ಡ್ ಉಕ್ಕಿಗೆ 2017ರಲ್ಲಿ ಸುಂಕ ಹಾಕಿದಾಗ ಉಲ್ಲೇಖ ಬೆಲೆ ಗೊತ್ತುಮಾಡಿದರು. ಬಂದಿಳಿದ ಬೆಲೆ ಅದಕ್ಕಿಂತ ಕೆಳಗಿದ್ದರೆ ವ್ಯತ್ಯಾಸವೇ ಸುಂಕ. ಜಾಗತಿಕ ಬೆಲೆ ಏರಿದರೆ ಇಂಥ ಸುಂಕ ತಾನಾಗಿ ಸೊನ್ನೆಯಾಗುತ್ತದೆ. ಬೆಲೆ ಹಾರಾಡುವ ಲೋಹಕ್ಕೆ ಟನ್ನಿಗಿಷ್ಟು ಎಂಬ ನಿಗದಿತ ಸುಂಕವೇ ನನಗೆ ಹೆಚ್ಚು ನಂಬಿಕೆಯದು.

ಅಧಿಸೂಚನೆ ಹೊರಬಿದ್ದ ಮೇಲೂ ಆಮದಿನ ದತ್ತಾಂಶ ತರಿಸುವುದನ್ನು ನಿಲ್ಲಿಸಬೇಡಿ. ತಿಂಗಳಿಗೊಮ್ಮೆ ಅಗಲದ ಕಾಲಂ ವಿಂಗಡಿಸಿ ನೋಡಿ. 1250ರ ಪಕ್ಕದಲ್ಲಿ 1285, 1300 ಸಾಲಾಗಿ ಕಾಣತೊಡಗಿದರೆ, ಆ ಸಾಲುಗಳ ಬಂದರು, ದಿನಾಂಕ, ಕಿಲೋ ದರವನ್ನು ಬೇರೆ ಹಾಳೆಗೆ ಇಳಿಸಿಕೊಂಡು ಸುಂಕ ತಪ್ಪಿಸುವುದರ ವಿರುದ್ಧದ 25ನೇ ನಿಯಮದ ಅರ್ಜಿಗೆ ಕಡತ ತೆರೆಯಿರಿ.