ಒಂದೇ ಪ್ಯಾರಾ, ಮೂರು ದಿನ: ಪಿಯುಸಿ ಇಂಗ್ಲಿಷ್ ಅಭ್ಯಾಸ ಹೀಗೆ ಮಾಡಿ

ಪಿಯುಸಿಗೆ ಬಂದ ಮಕ್ಕಳು ಇಂಗ್ಲಿಷಿಗೆ ಸಾಮಾನ್ಯವಾಗಿ ಮೂರು ನೋಟ್‌ಬುಕ್ ಇಡುತ್ತಾರೆ. ಒಂದರಲ್ಲಿ ಗ್ರಾಮರ್ ನಿಯಮಗಳು, ಇನ್ನೊಂದರಲ್ಲಿ ಕಷ್ಟದ ಶಬ್ದಗಳ ಪಟ್ಟಿ, ಮತ್ತೊಂದರಲ್ಲಿ ಗೈಡ್ ನೋಡಿ ಬರೆದುಕೊಂಡ ಪ್ರಶ್ನೋತ್ತರ. ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಎಲ್ಲವೂ ಒಟ್ಟಿಗೇ ಬರುತ್ತದೆ. ಹಿಂದೆಂದೂ ನೋಡದ ಒಂದು ಪ್ಯಾಸೇಜ್ ಎದುರಿಗೆ ಇರುತ್ತದೆ. ಅದರ ಶಬ್ದ ತಿಳಿಯಬೇಕು, ವಾಕ್ಯ ಬಿಡಿಸಬೇಕು, ಉತ್ತರವನ್ನು ತಪ್ಪಿಲ್ಲದೆ ಬರೆಯಬೇಕು.

ಹಾಗಾದರೆ ಅಭ್ಯಾಸವೂ ಹಾಗೇ ಇರಬೇಕು ಅಲ್ವಾ? ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಒಂದು ಸಣ್ಣ ಪ್ಯಾರಾ ತಗೊಳ್ಳಿ. ಅದರ ಜೊತೆ ಮೂರು ದಿನ ಇರಿ. ಗ್ರಾಮರ್, ಶಬ್ದ, ಓದು ಮೂರನ್ನೂ ಅದರಿಂದಲೇ ಕಲಿಯಿರಿ. ದಿನಕ್ಕೆ ಮುಕ್ಕಾಲು ಗಂಟೆ ಸಾಕು.

ಯಾವ ಪ್ಯಾರಾ?

ನಿಮಗೆ ಕನ್ನಡದಲ್ಲಿ ಈಗಾಗಲೇ ಗೊತ್ತಿರುವ ವಿಷಯದ್ದೇ ಆಗಲಿ. ಇದು ಬಹಳ ಮುಖ್ಯ. ವಿಷಯವೂ ಹೊಸದು, ಭಾಷೆಯೂ ಹೊಸದು ಎಂದಾದರೆ ಎರಡೂ ಕೈಗೆ ಸಿಗುವುದಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೋ ತಾಲ್ಲೂಕಿನ ಗ್ರಂಥಾಲಯಕ್ಕೋ ಹೋದರೆ ದಿನಪತ್ರಿಕೆಗಳು ಸಿಗುತ್ತವೆ. ಮೊದಲು ಕನ್ನಡ ಪತ್ರಿಕೆಯಲ್ಲಿ ನಮ್ಮ ಕಡೆಯ ಒಂದು ಸುದ್ದಿ ಓದಿ. ಅದೇ ಸುದ್ದಿ ಇಂಗ್ಲಿಷ್ ಪತ್ರಿಕೆಯಲ್ಲಿ ಎಲ್ಲಿದೆ ಹುಡುಕಿ. ಏಳೆಂಟು ವಾಕ್ಯ ಬರೆದುಕೊಂಡು ಬನ್ನಿ. ಪಠ್ಯಪುಸ್ತಕದ ಪಾಠದಿಂದ ಒಂದು ಪ್ಯಾರಾ ಆರಿಸಿಕೊಂಡರೂ ನಡೆಯುತ್ತದೆ.

ಇಲ್ಲಿ ಉದಾಹರಣೆಗೆ ಒಂದು ಪ್ಯಾರಾ ನಾನೇ ಬರೆದಿದ್ದೇನೆ. ನಮ್ಮ ಮೂರೂ ಜಿಲ್ಲೆಯವರು ನಿದ್ದೆಗೆಟ್ಟ ವಿಷಯ ಇದು. ಕನ್ನಡ ಅಕ್ಷರದಲ್ಲಿದೆ. ನೀವು ಮೊದಲು ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಸ್ಪೆಲ್ಲಿಂಗ್ ಅಭ್ಯಾಸ ಅಲ್ಲೇ ಆಗಿಹೋಗುತ್ತದೆ.

"ದ ತುಂಗಭದ್ರಾ ಡ್ಯಾಮ್ ಹ್ಯಾಸ್ 33 ಗೇಟ್ಸ್. ಆನ್ ದ ನೈಟ್ ಆಫ್ ಆಗಸ್ಟ್ 10, 2024, ದ ಚೈನ್ ಆಫ್ ಗೇಟ್ 19 ಬ್ರೋಕ್. ದ ಗೇಟ್ ವಾಸ್ ವಾಶ್ಡ್ ಅವೇ. ದ ಡ್ಯಾಮ್ ವಾಸ್ ಆಲ್ಮೋಸ್ಟ್ ಫುಲ್, ಆ್ಯಂಡ್ ದ ಕರೆಂಟ್ ವಾಸ್ ಸ್ಟ್ರಾಂಗ್. ಫಾರ್ಮರ್ಸ್ ವರ್ ವರೀಡ್ ಅಬೌಟ್ ದೇರ್ ಕ್ರಾಪ್ಸ್. ಇಂಜಿನಿಯರ್ಸ್ ಲೋವರ್ಡ್ ಎ ಸ್ಟೀಲ್ ಪ್ಲೇಟ್ ಇನ್‌ಟು ದ ಗ್ಯಾಪ್, ಆ್ಯಂಡ್ ಇಟ್ ಹೆಲ್ಡ್. ದೇ ಆ್ಯಡೆಡ್ ಮೋರ್ ಪ್ಲೇಟ್ಸ್, ವನ್ ಬೈ ವನ್, ಆ್ಯಂಡ್ ದ ವಾಟರ್ ವಾಸ್ ಸ್ಟಾಪ್ಡ್."

ಮೊದಲ ದಿನ: ಓದು

ಡಿಕ್ಷನರಿ ಮುಟ್ಟದೆ ಒಂದು ಸಲ ಪೂರ್ತಿ ಓದಿ. ಗೊತ್ತಿಲ್ಲದ ಶಬ್ದ ಬಂದರೂ ನಿಲ್ಲಬೇಡಿ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿ, ಏನಾಯಿತು ಅಂತ ಕನ್ನಡದಲ್ಲೇ ಜೋರಾಗಿ ಹೇಳಿ. ಮನೆಯಲ್ಲಿ ಅವ್ವನಿಗೋ ತಮ್ಮನಿಗೋ ಹೇಳಿದರೆ ಇನ್ನೂ ಒಳ್ಳೆಯದು. ಎಲ್ಲಿ ತಡವರಿಸುತ್ತೀರೋ ಅಲ್ಲೇ ನಿಮಗೆ ಅರ್ಥವಾಗಿಲ್ಲ. ಎರಡನೇ ಸಲ ಓದುವಾಗ ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ.

ಆಮೇಲೆ ಪ್ರಶ್ನೆಗಳು. ಇವನ್ನು ನೀವೇ ಮಾಡಿಕೊಳ್ಳಬೇಕು. ಪರೀಕ್ಷೆಯ ಪ್ರಶ್ನೆಗಳನ್ನು ಗಮನಿಸಿದರೆ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ.

ಮೊದಲನೆಯದು, ಉತ್ತರ ನೇರವಾಗಿ ಪ್ಯಾರಾದಲ್ಲೇ ಇರುವಂಥದ್ದು. ಡ್ಯಾಮಿಗೆ ಎಷ್ಟು ಗೇಟ್? ಚೈನ್ ಯಾವತ್ತು ತುಂಡಾಯಿತು? ಇದರಲ್ಲಿ ಯಾರೂ ಎಡವುವುದಿಲ್ಲ.

ಎರಡನೆಯದು, ಇಟ್, ದೇ, ದೇರ್ ಎಂಬ ಸರ್ವನಾಮಗಳು ಯಾರನ್ನು ತೋರಿಸುತ್ತವೆ ಎಂದು ಕೇಳುವುದು. ಇದನ್ನು ಸುಮ್ನೆ ಊಹಿಸಿ ಬರೆದು ಅಂಕ ಬಿಟ್ಟುಕೊಡುವವರು ಜಾಸ್ತಿ. 'ಇಟ್ ಹೆಲ್ಡ್' ಅಂದಾಗ ಇಟ್ ಅಂದರೆ ಏನು? ಹತ್ತಿರದಲ್ಲಿ ಗ್ಯಾಪ್ ಇದೆ, ಪ್ಲೇಟ್ ಇದೆ. ಇಟ್ ತೆಗೆದು ಆ ಜಾಗದಲ್ಲಿ ಒಂದೊಂದನ್ನೇ ಇಟ್ಟು ಓದಿ ನೋಡಿ. ಗ್ಯಾಪ್ ತಡೆದು ನಿಲ್ಲುವುದಿಲ್ಲ, ಪ್ಲೇಟ್ ನಿಲ್ಲುತ್ತದೆ. ಉತ್ತರ ಸಿಕ್ಕಿತು. ಯಾವ ಸರ್ವನಾಮ ಬಂದರೂ ಹೀಗೆ ಇಟ್ಟು ನೋಡುವುದೇ ದಾರಿ.

ಮೂರನೆಯದು ಪ್ಯಾರಾದಲ್ಲಿ ಬರೆಯದೇ ಇರುವ ಉತ್ತರ. ರೈತರಿಗೆ ಯಾಕೆ ಚಿಂತೆಯಾಯಿತು? ಕಾರಣವನ್ನು ಎಲ್ಲೂ ಹೇಳಿಲ್ಲ. ಆದರೆ ಗೇಟ್ ಹೋಯಿತು, ಡ್ಯಾಮ್ ತುಂಬಿತ್ತು, ಸೆಳವು ಜೋರಿತ್ತು ಎಂಬ ಮೂರು ಮಾತು ಅದರ ಮುಂಚೆಯೇ ಇವೆ. ನೀರು ಹರಿದುಹೋದರೆ ಕಾಲುವೆಗೆ ನೀರಿಲ್ಲ, ಬೆಳೆ ಇಲ್ಲ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಸೀಮೆಯ ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಬರೆಯುವಾಗ ಮಾತ್ರ ಪ್ಯಾರಾದ ಯಾವ ಸಾಲು ನೋಡಿ ಈ ಮಾತು ಹೇಳುತ್ತಿದ್ದೇವೆ ಎಂದು ಬೆರಳಿಟ್ಟು ತೋರಿಸಲು ಬರಬೇಕು. ಬೆರಳಿಡಲು ಸಾಲು ಸಿಗದಿದ್ದರೆ ಅದು ನಿಮ್ಮ ಸ್ವಂತ ಕಲ್ಪನೆ, ಬಿಟ್ಟುಬಿಡಿ.

ಎರಡನೇ ದಿನ: ಶಬ್ದಗಳು

ಒಂದು ಪ್ಯಾರಾದಿಂದ ಐದೇ ಶಬ್ದ. ಇಪ್ಪತ್ತು ಬರೆದುಕೊಂಡು ಎರಡು ನೆನಪಿಡುವುದಕ್ಕಿಂತ ಇದು ವಾಸಿ.

ಡಿಕ್ಷನರಿ ತೆಗೆಯುವ ಮೊದಲು ಅರ್ಥವನ್ನು ಊಹಿಸಿ ಪಕ್ಕದಲ್ಲಿ ಬರೆಯಿರಿ. ನಮ್ಮ ಪ್ಯಾರಾದಲ್ಲಿ 'ಕರೆಂಟ್' ಇದೆ. ದಿನಾ ಬಾಯಲ್ಲಿರುವ ಶಬ್ದವೇ. ಆದರೆ ಡ್ಯಾಮಿನಲ್ಲಿ ಕರೆಂಟ್ ಜೋರಾಗಿತ್ತು ಅಂದರೆ ವಿದ್ಯುತ್ ಅಲ್ಲ, ನೀರಿನ ಸೆಳವು. ಕನ್ನಡದೊಳಗೆ ಬಂದು ಕೂತಿರುವ ಇಂಗ್ಲಿಷ್ ಶಬ್ದಗಳು ಹೀಗೇ ಮೋಸ ಮಾಡುತ್ತವೆ. ನಾವು ಅವುಗಳ ಒಂದೇ ಅರ್ಥವನ್ನು ತಂದುಕೊಂಡಿರುತ್ತೇವೆ, ಇಂಗ್ಲಿಷಿನಲ್ಲಿ ನಾಲ್ಕು ಇರುತ್ತವೆ. ಆದ್ದರಿಂದ ಗೊತ್ತಿರುವ ಶಬ್ದವನ್ನೂ ಡಿಕ್ಷನರಿಯಲ್ಲಿ ನೋಡಿ. ಡಿಕ್ಷನರಿಯ ವಿಷಯದಲ್ಲಿ ನಮ್ಮ ಸೀಮೆಯ ನಂಟು ಹಳೆಯದು. ಬಳ್ಳಾರಿಯಲ್ಲಿ ಕೆಲಸ ಮಾಡಿದ ಮಿಷನರಿ ವಿಲಿಯಂ ರೀವ್ 1824ರಲ್ಲೇ ಇಂಗ್ಲಿಷ್-ಕನ್ನಡ ನಿಘಂಟು ಹೊರತಂದಿದ್ದರು. ಈಗ ಫೋನಿನಲ್ಲೇ ಸಿಗುತ್ತದೆ. ಅರ್ಥದ ಜೊತೆ ಉದಾಹರಣೆ ವಾಕ್ಯ ಇರುವ ಡಿಕ್ಷನರಿಯನ್ನೇ ಬಳಸಿ.

ಶಬ್ದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. 'ವಾಶ್' ಎಂದು ಬರೆದು ಎದುರಿಗೆ 'ತೊಳೆ' ಎಂದರೆ 'ವಾಶ್ಡ್ ಅವೇ' ತಿಳಿಯುವುದೇ ಇಲ್ಲ. ಅದರ ಅರ್ಥ ಕೊಚ್ಚಿಕೊಂಡು ಹೋಗುವುದು. 'ವರೀಡ್' ಜೊತೆ 'ಅಬೌಟ್' ಬರುತ್ತದೆ ಎಂಬುದನ್ನೂ ಸೇರಿಸಿಯೇ ಬರೆದುಕೊಳ್ಳಿ. ಪ್ರಿಪೊಸಿಷನ್ ಖಾಲಿ ಜಾಗ ತುಂಬುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ. ನಿಯಮದಿಂದ ಪ್ರಿಪೊಸಿಷನ್ ಬರುವುದು ಕಡಿಮೆ, ರೂಢಿಯಿಂದ ಬರುವುದೇ ಜಾಸ್ತಿ.

ಐದು ಶಬ್ದಕ್ಕೆ ಐದು ಸ್ವಂತ ವಾಕ್ಯ ಬರೆಯಿರಿ. ನಿಮ್ಮ ಓಣಿಯದು, ನಿಮ್ಮ ಹೊಲದ್ದು, ನಿಮ್ಮ ಬಸ್ಸಿನದು. ಮಾರನೇ ದಿನ, ಮೂರು ದಿನದ ಮೇಲೆ, ವಾರದ ಮೇಲೆ ಅದೇ ಐದನ್ನು ಮುಚ್ಚಿಟ್ಟು ಕೇಳಿಕೊಳ್ಳಿ.

ಮೂರನೇ ದಿನ: ಗ್ರಾಮರ್

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ನಮ್ಮ ಮಕ್ಕಳ ತಪ್ಪುಗಳು ದಡ್ಡತನದ ತಪ್ಪುಗಳಲ್ಲ. ಹೆಚ್ಚಿನವು ಕನ್ನಡ ವಾಕ್ಯವನ್ನು ಹಾಗೇ ಇಂಗ್ಲಿಷಿಗೆ ಇಳಿಸಿದಾಗ ಆಗುವಂಥವು. ಕನ್ನಡದಲ್ಲಿ ಹೇಗೆ, ಇಂಗ್ಲಿಷಿನಲ್ಲಿ ಹೇಗೆ ಎಂದು ಪಕ್ಕಪಕ್ಕ ಇಟ್ಟು ನೋಡಿದರೆ ತಪ್ಪಿನ ಬೇರು ಕಾಣುತ್ತದೆ.

ಆರ್ಟಿಕಲ್ ನೋಡಿ. ಎ ಹಾಕಬೇಕೋ ಆ್ಯನ್ ಹಾಕಬೇಕೋ ಎಂಬ ಗೊಂದಲಕ್ಕೆ ಕನ್ನಡ ಲಿಪಿಯೇ ಪರಿಹಾರ. ಆ ಇಂಗ್ಲಿಷ್ ಶಬ್ದವನ್ನು ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ಆ್ಯನ್, ವ್ಯಂಜನದಿಂದ ಶುರುವಾದರೆ ಎ. ಗಂಟೆ ಎಂಬ ಅರ್ಥದ 'ಅವರ್' ಇಂಗ್ಲಿಷಿನಲ್ಲಿ ಎಚ್‌ನಿಂದ ಶುರುವಾದರೂ ಕನ್ನಡದಲ್ಲಿ ಅ. ಹಾಗಾಗಿ ಆ್ಯನ್ ಅವರ್. 'ಯೂನಿವರ್ಸಿಟಿ' ಯು ಅಕ್ಷರದಿಂದ ಶುರುವಾದರೂ ಕನ್ನಡದಲ್ಲಿ ಯೂ. ಹಾಗಾಗಿ ಎ ಯೂನಿವರ್ಸಿಟಿ. 'ಎಂಎಲ್‌ಎ'ಗೆ ಆ್ಯನ್, 'ವನ್-ರುಪೀ ಕಾಯಿನ್'ಗೆ ಎ. ಒಂದೇ ಎಚ್ಚರಿಕೆ. ನಮ್ಮ ಕಡೆ 'ಎ' ಅನ್ನುವುದನ್ನು 'ಯೆ' ಅನ್ನುವ ರೂಢಿ ಇದೆ. 'ಎಗ್' ಅನ್ನು 'ಯೆಗ್ಗು' ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ಇನ್ನು ದ ಯಾವಾಗ? ನಮ್ಮ ಪ್ಯಾರಾದಲ್ಲಿ ಪ್ಲೇಟ್ ಮೊದಲ ಸಲ ಬಂದಾಗ 'ಎ ಸ್ಟೀಲ್ ಪ್ಲೇಟ್' ಎಂದಿದೆ. ಓದುವವರಿಗೆ ಅದು ಹೊಸದು. ಗ್ಯಾಪ್ ಯಾವುದೆಂದು ಆಗಲೇ ತಿಳಿದಿದೆ, ಹೋದ ಗೇಟಿನ ಜಾಗ. ಅದಕ್ಕೇ 'ದ ಗ್ಯಾಪ್'.

ಕಾಲದ ವಿಷಯಕ್ಕೆ ಬರೋಣ. 'ನಿನ್ನೆ ಹೊಸಪೇಟೆಗೆ ಹೋಗಿದ್ದೆ' ಅನ್ನುತ್ತೇವೆ. 'ಹೋಗಿದ್ದೆ' ಇದೆಯಲ್ಲ ಅಂತ 'ಐ ಹ್ಯಾಡ್ ಗಾನ್ ಟು ಹೊಸಪೇಟೆ ಯೆಸ್ಟರ್‌ಡೇ' ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಅಲ್ಲಿ 'ಐ ವೆಂಟ್' ಸಾಕು. ಹ್ಯಾಡ್ ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ತೋರಿಸುವಾಗ. 'ನಾನು ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬಸ್ ಹೋಗಿತ್ತು' ಎಂಬಲ್ಲಿ 'ದ ಬಸ್ ಹ್ಯಾಡ್ ಲೆಫ್ಟ್' ಸರಿ. ನಮ್ಮ ಪ್ಯಾರಾದ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಹಾಕಿ. ಬ್ರೋಕ್, ಲೋವರ್ಡ್, ಹೆಲ್ಡ್. ಒಂದರ ಮೇಲೊಂದು ನಡೆದ ಕಥೆ, ಎಲ್ಲೂ ಹ್ಯಾಡ್ ಇಲ್ಲ.

ಪ್ಯಾಸಿವ್ ವಾಯ್ಸ್ ಯಾಕೆ ಕಷ್ಟ ಗೊತ್ತೇ? ಕನ್ನಡದ ಮಾತಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ಗೇಟ್ ಕೊಚ್ಚಿಕೊಂಡು ಹೋಯಿತು ಅನ್ನುತ್ತೇವೆ, ಡ್ಯಾಮ್ 1953ರಲ್ಲಿ ಕಟ್ಟಿ ಮುಗಿಸಿದರು ಅನ್ನುತ್ತೇವೆ. ಯಾರು ಮುಗಿಸಿದರು ಎಂದು ಹೇಳುವ ಗೋಜಿಗೆ ಹೋಗುವುದಿಲ್ಲ. ಹೀಗೆ ಮಾಡಿದವರ ಹೆಸರು ಬೇಕಿಲ್ಲದ ಕಡೆಯಲ್ಲೇ ಇಂಗ್ಲಿಷ್ ಪ್ಯಾಸಿವ್ ಬಳಸುತ್ತದೆ. 'ವಾಸ್ ಕಂಪ್ಲೀಟೆಡ್', 'ವಾಸ್ ವಾಶ್ಡ್ ಅವೇ', 'ವಾಸ್ ಸ್ಟಾಪ್ಡ್'. ಈಗ ತಿರುಗಿಸಿ ಬರೆಯಿರಿ. 'ಇಂಜಿನಿಯರ್ಸ್ ಲೋವರ್ಡ್ ಎ ಸ್ಟೀಲ್ ಪ್ಲೇಟ್' ಎಂಬುದು 'ಎ ಸ್ಟೀಲ್ ಪ್ಲೇಟ್ ವಾಸ್ ಲೋವರ್ಡ್ ಬೈ ಇಂಜಿನಿಯರ್ಸ್' ಆಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಅಂಕ ಹೋಗುವುದು ರಿಪೋರ್ಟೆಡ್ ಸ್ಪೀಚಿನಲ್ಲಿ. ಕಾರಣ ನಮ್ಮ 'ಅಂತ'. ಕನ್ನಡದಲ್ಲಿ ಆಡಿದ ಮಾತನ್ನು ಹಾಗೇ ಇಟ್ಟು ಕೊನೆಗೆ 'ಅಂತ' ಸೇರಿಸಿದರೆ ಮುಗಿಯಿತು. ತೆಲುಗಿನ 'ಅನಿ' ಕೂಡ ಹಾಗೆಯೇ, ಹಾಗಾಗಿ ಮನೆಯಲ್ಲಿ ತೆಲುಗು ಮಾತನಾಡುವ ನಮ್ಮ ಗಡಿ ಊರುಗಳ ಮಕ್ಕಳಿಗೂ ಇದೇ ತೊಡಕು. ಇಂಜಿನಿಯರ್ ಒಬ್ಬರು ರೈತನಿಗೆ 'ವಿ ವಿಲ್ ಸ್ಟಾಪ್ ದ ವಾಟರ್ ಟುಮಾರೋ' ಎಂದರು ಅಂದುಕೊಳ್ಳಿ. ನಾವು 'ನಾಳೆ ನೀರು ನಿಲ್ಲಿಸ್ತೀವಿ ಅಂತ ಹೇಳಿದರು' ಅನ್ನುತ್ತೇವೆ. ನಾಳೆ ನಾಳೆಯಾಗಿಯೇ ಉಳಿಯಿತು. ಇಂಗ್ಲಿಷಿನಲ್ಲಿ ಮೂರು ಕಡೆ ಬದಲಾಗುತ್ತದೆ. ವಿ ಹೋಗಿ ದೇ, ವಿಲ್ ಹೋಗಿ ವುಡ್, ಟುಮಾರೋ ಹೋಗಿ ದ ನೆಕ್ಸ್ಟ್ ಡೇ. 'ದ ಇಂಜಿನಿಯರ್ ಟೋಲ್ಡ್ ದ ಫಾರ್ಮರ್ ದ್ಯಾಟ್ ದೇ ವುಡ್ ಸ್ಟಾಪ್ ದ ವಾಟರ್ ದ ನೆಕ್ಸ್ಟ್ ಡೇ.' ಬರೆದ ಮೇಲೆ ಯಾರು, ಯಾವ ಕಾಲ, ಯಾವಾಗ ಎಂದು ಮೂರು ಟಿಕ್ ಹಾಕಿಕೊಂಡು ನೋಡಿ.

ಇನ್ನೊಂದು ತೊಡಕು ಇದೆ. ಎಲ್ಲ 'ಅಂತ'ಕ್ಕೂ 'ದ್ಯಾಟ್' ಹಾಕುವುದು. ಸಾದಾ ಮಾತಿಗೆ ದ್ಯಾಟ್ ಸರಿ. ಹೌದು-ಇಲ್ಲ ಎಂದು ಉತ್ತರಿಸುವ ಪ್ರಶ್ನೆಗೆ ಇಫ್ ಅಥವಾ ವೆದರ್ ಬೇಕು. ಪ್ಲೇಟ್ ನಿಲ್ಲುತ್ತದಾ ಅಂತ ಕೇಳಿದ ಎಂಬುದು 'ಹಿ ಆಸ್ಕ್ಡ್ ಇಫ್ ದ ಪ್ಲೇಟ್ ವುಡ್ ಹೋಲ್ಡ್' ಆಗುತ್ತದೆ. ಯಾವಾಗ, ಎಲ್ಲಿ, ಯಾಕೆ ಎಂಬ ಪ್ರಶ್ನೆಗೆ ಆ ವೆನ್, ವೇರ್, ವೈ ಶಬ್ದವೇ ಕೊಂಡಿ. ಬೇರೆ ಏನೂ ಬೇಡ. ಆಜ್ಞೆಯಾದರೆ ಟು. 'ಅಂತ'ಕ್ಕೆ ನಾಲ್ಕು ದಾರಿ. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಓದುವ ಜಾಗದಲ್ಲಿ ಅಂಟಿಸಿ.

ಹಿಂದುಮುಂದಾದ ಶಬ್ದಗಳನ್ನು ಜೋಡಿಸುವ ಪ್ರಶ್ನೆಗೆ ಮೊದಲು ಕ್ರಿಯಾಪದ ಹುಡುಕಿ, ಅದನ್ನು ಮಾಡಿದವರು ಯಾರು ಎಂದು ಹುಡುಕಿ ಮುಂದೆ ಇಡಿ, ಉಳಿದವು ತಾವಾಗಿ ಕೂರುತ್ತವೆ. ಲಿಂಕರ್‌ಗಳಿಗೆ ಪ್ಯಾರಾದ ಎರಡು ವಾಕ್ಯ ತಗೊಂಡು ಬಿಕಾಸ್, ಸೋ, ಆಲ್ದೋ ಹಾಕಿ ಜೋಡಿಸುತ್ತಾ ಹೋಗಿ.

ಹಳೇ ಪ್ರಶ್ನೆಪತ್ರಿಕೆ ಯಾವಾಗ?

ಇಂಗ್ಲಿಷಿನಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ 20. ಮಾದರಿ ಪ್ರಶ್ನೆಪತ್ರಿಕೆಗಳನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಆದರೆ ಜುಲೈ ತಿಂಗಳಿಂದಲೇ ಅವನ್ನು ಬಿಡಿಸುತ್ತಾ ಕೂರುವುದು ಬೇಡ. ಪ್ಯಾರಾ ಅಭ್ಯಾಸ ಕೈಗೆ ಹತ್ತಿದ ಮೇಲೆ, ದೀಪಾವಳಿ ಕಳೆದು ತಿಂಗಳಿಗೆ ಒಂದು, ಪರೀಕ್ಷೆ ಹತ್ತಿರವಾದಾಗ ಭಾನುವಾರಕ್ಕೆ ಒಂದು ಮಾಡಿದರೆ ಸಾಕು. ಗಡಿಯಾರ ಇಟ್ಟುಕೊಂಡು, ಗೈಡ್ ಬೇರೆ ಕೋಣೆಯಲ್ಲಿಟ್ಟು ಬರೆಯಿರಿ.

ತಪ್ಪಾದ ಉತ್ತರದ ಪಕ್ಕ ಸರಿ ಉತ್ತರ ಬರೆದು ಬಿಡಬೇಡಿ. ಯಾಕೆ ತಪ್ಪಾಯಿತು ಎಂಬುದನ್ನು ಒಂದು ಸಾಲು ಕನ್ನಡದಲ್ಲಿ ಬರೆಯಿರಿ. 'ಹೋಗಿದ್ದೆ ನೋಡಿ ಹ್ಯಾಡ್ ಹಾಕಿದೆ', 'ಟುಮಾರೋ ಬದಲಾಯಿಸಲಿಲ್ಲ'. ನಾಲ್ಕೈದು ಪತ್ರಿಕೆ ಆದ ಮೇಲೆ ಈ ಸಾಲುಗಳನ್ನಷ್ಟೇ ಓದಿ. ಒಂದೇ ತಪ್ಪು ಮತ್ತೆ ಮತ್ತೆ ಬಂದಿದ್ದರೆ, ಮುಂದಿನ ವಾರದ ಪ್ಯಾರಾದಲ್ಲಿ ಅದೊಂದನ್ನೇ ಹಿಡಿದು ಕೂರಿ.

ನೀವೇ ಬರೆದ ಸ್ವಂತ ವಾಕ್ಯಗಳು ಸರಿಯಿವೆಯೋ ಇಲ್ಲವೋ ಎಂದು ಯಾರಾದರೂ ನೋಡಲೇಬೇಕು. ಕಾಲೇಜಿನ ಮೇಷ್ಟ್ರಿಗೆ ಇಡೀ ನೋಟ್‌ಬುಕ್ ಕೊಟ್ಟರೆ ಅವರಿಗೂ ಪುರುಸೊತ್ತು ಇರುವುದಿಲ್ಲ. ವಾರಕ್ಕೆ ನಾಲ್ಕು ವಾಕ್ಯ ಚೀಟಿಯಲ್ಲಿ ಬರೆದುಕೊಂಡು ಹೋಗಿ, "ಸರ್, ಇದರಲ್ಲಿ ಎಲ್ಲಿ ತಪ್ಪಿದೆ ನೋಡ್ರಿ" ಅಂತ ಕೇಳಿ. ನಾಲ್ಕು ವಾಕ್ಯ ತಿದ್ದಿಕೊಡಲು ಯಾರೂ ಇಲ್ಲ ಅನ್ನುವುದಿಲ್ಲ.