ಕೆನಡಾದ ಕಾಗದಪತ್ರದಲ್ಲಿ ‘ಇಂಡಿಯನ್’ ಅಂದ್ರೆ ನಾವಲ್ಲ

ಕೆನಡಾದಲ್ಲಿ ಕೆಲಸಕ್ಕೆ ಅರ್ಜಿ ತುಂಬುವಾಗ, ಕಾಲೇಜಿಗೆ ಸೇರುವಾಗ, ಜನಗಣತಿಯ ಫಾರ್ಮ್ ಬಂದಾಗ ಒಂದು ಪ್ರಶ್ನೆ ಎದುರಾಗುತ್ತೆ: ನೀವು ಇಂಡಿಜಿನಸ್, ಅಂದರೆ ಮೂಲನಿವಾಸಿ ಜನವೇ? ಜನಗಣತಿಯಲ್ಲಂತೂ ಫಸ್ಟ್ ನೇಷನ್ಸ್ (ಮೂಲನಿವಾಸಿಗಳ ಒಂದು ಗುಂಪು) ಪಕ್ಕದಲ್ಲೇ ‘ನಾರ್ತ್ ಅಮೆರಿಕನ್ ಇಂಡಿಯನ್’ ಅಂತ ಬರೆದಿರುತ್ತಾರೆ. ‘ಇಂಡಿಯನ್’ ಕಂಡ ಕೂಡಲೇ ಟಿಕ್ ಹಾಕಿಬಿಡಬೇಡಿ. ಅದು ಈ ನೆಲದ ಮೂಲನಿವಾಸಿಗಳಿಗೆ ಕೇಳಿದ ಪ್ರಶ್ನೆ. ನಮ್ಮ ಜಾಗ ಬೇರೆ: ‘ವಿಸಿಬಲ್ ಮೈನಾರಿಟಿ’ ಅನ್ನುವ ಬಿಳಿಯರಲ್ಲದ ಜನರ ಗುಂಪು, ಅದರೊಳಗೆ ‘ಸೌತ್ ಏಷ್ಯನ್’. ಕೆಲಸದಲ್ಲಿ ಸಮಾನ ಅವಕಾಶದ ಕಾಯ್ದೆ ಇವೆರಡನ್ನೂ ಬೇರೆ ಗುಂಪಾಗಿಯೇ ಇಟ್ಟಿದೆ. ಮೂಲನಿವಾಸಿಗಳು ವಿಸಿಬಲ್ ಮೈನಾರಿಟಿ ಲೆಕ್ಕಕ್ಕೆ ಬರುವುದೇ ಇಲ್ಲ.

ಇಂಡಿಯಾ ಸಿಕ್ಕಿತು ಅಂದುಕೊಂಡು ಅಲ್ಲಿನ ಜನರನ್ನು ‘ಇಂಡಿಯನ್’ ಅಂದ ಕೊಲಂಬಸ್ಸನ ಎಡವಟ್ಟು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಆ ಹೆಸರು ಇವತ್ತಿಗೂ ಕಾನೂನಿನಲ್ಲಿ ಗಟ್ಟಿಯಾಗಿ ಕೂತಿದೆ. 1876ರ ಇಂಡಿಯನ್ ಆಕ್ಟ್ ತಿದ್ದುಪಡಿಗಳೊಂದಿಗೆ ಈಗಲೂ ಜಾರಿಯಲ್ಲಿದೆ. ಅದರಡಿ ಸರ್ಕಾರದ ಪಟ್ಟಿಯಲ್ಲಿ ಹೆಸರಿದ್ದವರು ‘ಸ್ಟೇಟಸ್ ಇಂಡಿಯನ್’. ಪಟ್ಟಿಯಲ್ಲಿ ಇರದವರು ‘ನಾನ್ ಸ್ಟೇಟಸ್’. ಈ ಪಟ್ಟಿಯ ಚರಿತ್ರೆ ಓದಿದರೆ ಹೊಟ್ಟೆ ಉರಿಯುತ್ತೆ. ಹೆಣ್ಣುಮಗಳು ಹೊರಗಿನವನನ್ನು ಮದುವೆಯಾದರೆ ಅವಳ ಹೆಸರು ಹೊಡೆದುಹಾಕುತ್ತಿದ್ದರು. ಗಂಡಸು ಹೊರಗಿನವಳನ್ನು ಮದುವೆಯಾದರೆ ಅವಳ ಹೆಸರು ಸೇರಿಸುತ್ತಿದ್ದರು! 1985ರ ತಿದ್ದುಪಡಿವರೆಗೂ ಇದೇ ನಡೆಯಿತು. ಒಂದು ಕಾಲದಲ್ಲಿ ಯೂನಿವರ್ಸಿಟಿ ಡಿಗ್ರಿ ಪಡೆದವರ ಸ್ಟೇಟಸ್ಸೂ ಹೋಗುತ್ತಿತ್ತು. ಸ್ಟೇಟಸ್ ಉಳಿಸಿಕೊಂಡೇ ಫೆಡರಲ್ ಚುನಾವಣೆಯಲ್ಲಿ ವೋಟು ಹಾಕುವ ಹಕ್ಕು ಎಲ್ಲರಿಗೂ ಸಿಕ್ಕಿದ್ದು 1960ರಲ್ಲಿ. ಹಾಗಾಗಿ ವಯಸ್ಸಾದ ಯಾರಾದರೂ ತಮ್ಮನ್ನು ತಾವೇ ‘ಇಂಡಿಯನ್’ ಅಂದುಕೊಂಡರೆ ಅದು ಅವರಿಷ್ಟ. ನಾವು ಅವರನ್ನು ಹಾಗೆ ಕರೆಯೋದು ಬೇಡ.

ಒಂಟಾರಿಯೊದ ಅಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುವ ಹುಡುಗ ಹುಡುಗಿಯರು ಒಂದು ವಿಷಯ ತಿಳಿದಿರಬೇಕು. ಬಿಲ್ಲಿಂಗ್ ಹೊತ್ತಿನಲ್ಲಿ ಗಿರಾಕಿ ತನ್ನ ಹೆಸರು ಆ ಪಟ್ಟಿಯಲ್ಲಿದೆ ಅನ್ನುವ ಸ್ಟೇಟಸ್ ಕಾರ್ಡ್ ತೋರಿಸಬಹುದು. ಅಲ್ಲಿ ಎಚ್‌ಎಸ್‌ಟಿ ಅನ್ನುವ ಮಾರಾಟ ತೆರಿಗೆ 13%. ಬಹಳಷ್ಟು ಸಾಮಾನುಗಳ ಮೇಲೆ ಅದರಲ್ಲಿ ಪ್ರಾಂತ್ಯದ ಪಾಲಾದ 8% ಕೌಂಟರಿನಲ್ಲೇ ಬಿಡಬೇಕು. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುವುದು, ‘ನೋಡಿದರೆ ಹಾಗೆ ಕಾಣಲ್ಲ’ ಅನ್ನುವುದು ಎಲ್ಲ ಬೇಡ. ಗೊತ್ತಾಗದಿದ್ದರೆ ಸೂಪರ್‌ವೈಸರನ್ನು ಕರೆಯಿರಿ.

ನಮ್ಮವರ ಪಾರ್ಟಿಗಳಲ್ಲಿ ‘ಅವರಿಗೆ ಟ್ಯಾಕ್ಸೇ ಇಲ್ಲ, ಎಲ್ಲ ಫ್ರೀ’ ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತೆ. ಇಂಡಿಯನ್ ಆಕ್ಟಿನ ವಿನಾಯಿತಿ ಇರುವುದು ಸ್ಟೇಟಸ್ ಇರುವವರಿಗೆ, ಅದೂ ಮುಖ್ಯವಾಗಿ ರಿಸರ್ವ್ ಒಳಗಿನ ಆಸ್ತಿ ಮತ್ತು ಆದಾಯಕ್ಕೆ. ರಿಸರ್ವ್‌ಗೆ ಸಂಬಂಧವಿಲ್ಲದೆ ಟೊರೊಂಟೊದಲ್ಲಿ ದುಡಿದರೆ ಅವರೂ ನಮ್ಮಂತೆಯೇ ಟ್ಯಾಕ್ಸ್ ಕಟ್ಟುತ್ತಾರೆ. ಇನ್ಯುಯಿಟ್, ಮೇಟಿ ಅನ್ನುವ ಇನ್ನೆರಡು ಮೂಲನಿವಾಸಿ ಗುಂಪುಗಳಿಗೆ ಆ ಕಾಯ್ದೆಯ ವಿನಾಯಿತಿ ಇಲ್ಲ. ರಿಸರ್ವ್ ಅನ್ನುವುದು ನಮ್ಮ ರಿಸರ್ವೇಶನ್ ಅಲ್ಲ. ಅದು ಒಂದು ಬ್ಯಾಂಡಿನ, ಅಂದರೆ ಒಂದು ಸಮುದಾಯದ, ಬಳಕೆಗೆ ಬಿಟ್ಟ ನೆಲ. ಅದರ ಒಡೆತನ ಮಾತ್ರ ಕಾಗದದ ಮೇಲೆ ರಾಜಪ್ರಭುತ್ವದ್ದೇ. ಮೀಸಲಾತಿಯ ಬಗ್ಗೆ ಊರಲ್ಲಿ ಆಡುತ್ತಿದ್ದ ಮಾತನ್ನೇ ಇಲ್ಲಿಗೂ ಹೊತ್ತು ತಂದರೆ ಹೇಗೆ, ಅಲ್ವಾ?

1982ರ ಸಂವಿಧಾನ ಮೂಲನಿವಾಸಿಗಳ ಮೂರು ಗುಂಪನ್ನು ಹೆಸರಿಸುತ್ತದೆ. ಅದರ 35ನೇ ವಿಧಿಯ ಭಾಷೆಯಲ್ಲಿ ಮೂವರೂ ಸೇರಿ ‘ಅಬೊರಿಜಿನಲ್’. ದಿನಬಳಕೆಯಲ್ಲಿ ಆ ಪದ ಹಳತಾಗಿ ‘ಇಂಡಿಜಿನಸ್’ ಬಂದಿದೆ. 2021ರ ಜನಗಣತಿಯ ಪ್ರಕಾರ ಇವರೆಲ್ಲ ಸೇರಿ ಸುಮಾರು 18 ಲಕ್ಷ, ಅಂದರೆ ಜನಸಂಖ್ಯೆಯ 5%. ಕಾಯ್ದೆ ‘ಇಂಡಿಯನ್’ ಅನ್ನುವ ಜಾಗದಲ್ಲಿ ಜನ ಹೇಳುವುದು ಫಸ್ಟ್ ನೇಷನ್ಸ್. ಉತ್ತರದ ಹಿಮದ ನಾಡಿನವರು ಇನ್ಯುಯಿಟ್, ಒಬ್ಬರಾದರೆ ಇನುಕ್. ‘ಎಸ್ಕಿಮೊ’ ಅಂತ ನಾವು ಶಾಲೆಯಲ್ಲಿ ಕಲಿತ ಪದ ಇಲ್ಲಿ ಬೈಗುಳಕ್ಕೆ ಸಮ. ಮಕ್ಕಳ ಮುಂದೆಯೂ ಆಡಬೇಡಿ. ಮೂರನೆಯವರು ಮೇಟಿ. ನಮ್ಮ ಕಡೆಯ ಮೇಟಿ ಅನ್ನುವ ಅಡ್ಡಹೆಸರನ್ನೇ ಕೊನೆ ಎಳೆದು ಹೇಳಿದರೆ ಉಚ್ಚಾರ ಹೆಚ್ಚುಕಡಿಮೆ ಬರುತ್ತೆ. ಯುರೋಪಿನ ತುಪ್ಪಳದ ವ್ಯಾಪಾರಿಗಳು ಮತ್ತು ಮೂಲನಿವಾಸಿ ಹೆಂಗಸರ ಸಂಸಾರಗಳಿಂದ ಬೆಳೆದ ಜನ ಇವರು. ಹಾಗಂತ ಮಿಶ್ರ ರಕ್ತ ಇರುವವರೆಲ್ಲ ಮೇಟಿ ಅಲ್ಲ. ಅವರದೇ ಭಾಷೆ, ಅವರದೇ ಚರಿತ್ರೆ ಇದೆ. ಅವರ ನಾಯಕ ಲೂಯಿ ರಿಯೆಲ್‌ನನ್ನು 1885ರಲ್ಲಿ ರೆಜೈನಾದಲ್ಲಿ ಗಲ್ಲಿಗೇರಿಸಿದರು. ಈಗ ಮ್ಯಾನಿಟೋಬಾದಲ್ಲಿ ಫೆಬ್ರವರಿಯಲ್ಲಿ ಅವನ ಹೆಸರಲ್ಲೇ ರಜೆ.

ಅಮೆರಿಕದಲ್ಲಿ ‘ಟ್ರೈಬ್’, ‘ನೇಟಿವ್ ಅಮೆರಿಕನ್’ ಸಾಮಾನ್ಯ. ಗಡಿ ದಾಟಿ ಇತ್ತ ಬಂದರೆ ನಡೆಯಲ್ಲ. ಇನ್ನೊಂದು ನಮ್ಮದೇ ಚಾಳಿ: ‘ನಿಮ್ಮ ನೇಟಿವ್ ಯಾವುದು?’ ‘ಮುಂದಿನ ತಿಂಗಳು ನೇಟಿವ್‌ಗೆ ಹೋಗ್ತಿದ್ದೀನಿ.’ ದಾವಣಗೆರೆಯವರಿಗೆ ಅರ್ಥವಾಗುವ ಈ ಇಂಗ್ಲಿಷ್ ಇಲ್ಲಿನ ಆಫೀಸಿನಲ್ಲಿ ಬೇರೆಯೇ ಕೇಳಿಸುತ್ತೆ. ಊರು ಅನ್ನಬೇಕಿದ್ದರೆ ‘ಹೋಮ್‌ಟೌನ್’ ಅನ್ನಿ.

ಇಷ್ಟೆಲ್ಲ ಪದಗಳಿಗಿಂತ ಜನಕ್ಕೆ ಜಾಸ್ತಿ ಇಷ್ಟವಾಗುವುದು ಅವರವರ ನೇಷನ್ನಿನ ಹೆಸರೇ: ಕ್ರೀ, ಮೋಹಾಕ್, ಹೈಡಾ. ನಮ್ಮನ್ನು ಸೌತ್ ಏಷ್ಯನ್ ಅನ್ನುವುದಕ್ಕೂ ಕನ್ನಡದವರು ಅನ್ನುವುದಕ್ಕೂ ಇರುವ ವ್ಯತ್ಯಾಸವೇ ಇದು. ಮಕ್ಕಳ ಶಾಲೆಯಲ್ಲಿ, ಸಭೆಯ ಮೊದಲಲ್ಲಿ ‘ಈ ನೆಲ ಇಂಥವರದು’ ಅಂತ ಹೇಳುತ್ತಾರಲ್ಲ, ಆಗ ಹೆಸರನ್ನು ಗಮನಿಸಿ. ವ್ಯಾಂಕೂವರಿನಲ್ಲಾದರೆ ಮಸ್ಕ್ವಿಯಂ, ಸ್ಕ್ವಾಮಿಶ್, ಸ್ಲೇವಾಟೂತ್. ಅವರು ಆ ನೆಲವನ್ನು ಯಾವ ಒಪ್ಪಂದದಲ್ಲೂ ಬಿಟ್ಟುಕೊಟ್ಟಿಲ್ಲ. ಟೊರೊಂಟೊ ಪಕ್ಕದ ಮಿಸಿಸಾಗದಲ್ಲಿ ಎಷ್ಟೋ ಕನ್ನಡಿಗರು ಮನೆ ಮಾಡಿದ್ದಾರೆ. ಆ ಊರಿನ ಹೆಸರೇ ಒಂದು ನೇಷನ್ನಿನದು. ಆ ಜನ ಮಿಸಿಸಾಗಾಸ್ ಆಫ್ ದಿ ಕ್ರೆಡಿಟ್ ಅನ್ನುವ ಹೆಸರಲ್ಲಿ ಈಗಲೂ ಇದ್ದಾರೆ.

ಸಿಟಿಜನ್‌ಶಿಪ್ ಹಾದಿಯಲ್ಲಿರುವವರಿಗೆ ಇದು ಪರೀಕ್ಷೆಯ ಪಾಠವೂ ಹೌದು. 20 ಪ್ರಶ್ನೆಯಲ್ಲಿ 15 ಸರಿಯಾಗಬೇಕು, ಮೂಲನಿವಾಸಿಗಳ ವಿಷಯ ಸರ್ಕಾರದ ಓದುವ ಪುಸ್ತಕದಲ್ಲೇ ಇದೆ. ಜೊತೆಗೆ 2021ರ ಜೂನ್‌ನಿಂದ ಪ್ರಮಾಣವಚನವೇ ಬದಲಾಗಿದೆ. ಫಸ್ಟ್ ನೇಷನ್ಸ್, ಇನ್ಯುಯಿಟ್, ಮೇಟಿ ಜನರ ಹಕ್ಕುಗಳನ್ನೂ ಒಪ್ಪಂದದ ಹಕ್ಕುಗಳನ್ನೂ ಮಾನ್ಯ ಮಾಡುವ ಸಂವಿಧಾನವನ್ನು ಪಾಲಿಸುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕು. ಸಾಲು ಸ್ವಲ್ಪ ಉದ್ದ, ಸಮಾರಂಭದ ಹಿಂದಿನ ದಿನ ಒಂದೆರಡು ಸಲ ಜೋರಾಗಿ ಓದಿಕೊಂಡು ಹೋಗಿ.