ಕಾರಿನ ಎಸಿಗೆ ಮನೆಯಲ್ಲೇ ಗ್ಯಾಸ್ ತುಂಬುವುದು: ಗೇಜ್ ನಂಬಬೇಡಿ, ತೂಕ ನಂಬಿ

ಏಪ್ರಿಲ್ ಬಂತೆಂದರೆ ವಿಜಯಪುರ, ಬಾಗಲಕೋಟೆಯಲ್ಲಿ "ಗ್ಯಾಸ್ ಖಾಲಿ ಆಗೇತಿ, ತುಂಬ್ರಿ" ಅನ್ನುವ ಮಾತು ಶುರು. ಆದರೆ ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ತೀರುವಂಥದ್ದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಎಷ್ಟೋ ಸಲ ಸೋರಿಯೂ ಇರುವುದಿಲ್ಲ. ರೇಡಿಯೇಟರ್ ಮುಂದಿರುವ, ಗ್ಯಾಸಿನ ಶಾಖ ಹೊರಹಾಕುವ ಜಾಲರಿಯಾದ ಕಂಡೆನ್ಸರ್‌ಗೆ ಧೂಳು, ಕಬ್ಬಿನ ರವದಿ ಚೂರು, ಹುಳು ಮೆತ್ತಿಕೊಂಡು ಗಾಳಿ ಹಾಯುವುದಿಲ್ಲ. ಮೊದಲು ಅದನ್ನು ತೋಟದ ಪೈಪಿನಿಂದ ಮೆತ್ತಗೆ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ಎಲೆಯಂಥ ರೆಕ್ಕೆಗಳು ಮಡಚಿಹೋಗುತ್ತವೆ. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ನೋಡಿ, ಕ್ಯಾಬಿನ್ ಫಿಲ್ಟರ್ ಝಾಡಿಸಿ.

ಆಮೇಲೆ ಬಾನೆಟ್ ಒಳಗಿನ ಲೇಬಲ್ ಓದಿ: ಯಾವ ಗ್ಯಾಸ್, ಎಷ್ಟು ಗ್ರಾಂ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 350–500 ಗ್ರಾಂ ಆರ್134ಎ. ಲೇಬಲ್ ಮೇಲೆ ಆರ್1234ವೈಎಫ್ ಎಂದಿದ್ದರೆ ಅಥವಾ ಕಾರು ಹೈಬ್ರಿಡ್, ಎಲೆಕ್ಟ್ರಿಕ್ ಆಗಿದ್ದರೆ ಕೈ ಹಾಕಬೇಡಿ. ಸೋರಿಕೆ ಮುಚ್ಚುತ್ತದೆ ಎನ್ನುವ ಸೀಲಂಟ್ ಬೆರೆಸಿದ ಡಬ್ಬಿಯೂ ಬೇಡ, ವಾಲ್ವ್ ಕಟ್ಟಿಕೊಳ್ಳುತ್ತದೆ.

ಕೆಲಸ ಬಯಲಲ್ಲಿ, ಬೆಂಕಿಯಿಂದ ದೂರ. ಕನ್ನಡಕ, ಕೈಗವಸು ಕಡ್ಡಾಯ. ಗ್ಯಾಸ್ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಇಂಜಿನ್ ಬಂದ್ ಇರುವಾಗಲೇ ಕಪ್ಲರ್ ಅನ್ನು (ಡಬ್ಬಿಯ ಪೈಪಿನ ತುದಿಯ ಜೋಡಣೆ) 'ಎಲ್' ಮುಚ್ಚಳದ ಲೋ ಸೈಡ್ (ಕಡಿಮೆ ಒತ್ತಡದ ಬದಿ) ಪೋರ್ಟಿಗೆ, ಅಂದರೆ ದಪ್ಪ ಪೈಪಿನ ಮೇಲಿರುವುದಕ್ಕೆ, ಕೂಡಿಸಿ. ಹೆಚ್ಚು ಒತ್ತಡದ 'ಎಚ್' ಕಡೆ ಡಬ್ಬಿ ಹಚ್ಚಿದರೆ ಡಬ್ಬಿಯೇ ಸಿಡಿಯಬಹುದು. ಪೈಪಿನೊಳಗಿನ ಗಾಳಿ ಒಳಗೆ ಹೋಗದಂತೆ, ಕಾರಿನ ಕಡೆಯ ತಿರುಪು ಕೊಂಚ ಸಡಿಲಿಸಿ, ಒಂದು ಕ್ಷಣ ಗ್ಯಾಸ್ ಬಿಟ್ಟು ಬಿಗಿಮಾಡಿ.

ಇಂಜಿನ್ ಚಾಲೂ ಮಾಡಿ, ಎಸಿ ಫುಲ್ ಕೂಲ್, ಬ್ಲೋವರ್ ಫುಲ್, 1,500 ಆರ್‌ಪಿಎಂ. ಡಬ್ಬಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೆಟ್ಟಗೆ ಇಡಿ. ತಲೆಕೆಳಗೆ ಮಾಡಿದರೆ ದ್ರವವೇ ಕಂಪ್ರೆಸರ್‌ಗೆ ನುಗ್ಗಿ ಅದರ ವಾಲ್ವ್ ಮುರಿಯುತ್ತದೆ. 50 ಗ್ರಾಂ ಹಾಕಿ, ವಾಲ್ವ್ ಮುಚ್ಚಿ, ಐದು ನಿಮಿಷ ಕಾಯಿರಿ. ಹೊರಗೆ 40 ಡಿಗ್ರಿ ಇರುವಾಗ ವೆಂಟಿನಲ್ಲಿ ಇಟ್ಟ ಥರ್ಮಾಮೀಟರ್ 10–12ಕ್ಕೆ ಇಳಿದರೆ ಸಾಕು. ಗೇಜಿನಲ್ಲಿ ಲೋ ಸೈಡ್ ಒತ್ತಡ 50 ಪಿಎಸ್‌ಐ ದಾಟುತ್ತಿದ್ದರೆ ನಿಲ್ಲಿಸಿ. ಹೆಚ್ಚು ತುಂಬಿದರೂ ತಂಪು ಕಡಿಮೆಯಾಗುತ್ತದೆ, ಅದನ್ನೇ ಕೊರತೆ ಎಂದುಕೊಂಡು ಇನ್ನಷ್ಟು ಹಾಕುವವರೇ ಹೆಚ್ಚು. ಇಂಜಿನ್ ಬಂದ್ ಇರುವಾಗಿನ ಗೇಜ್ ಅಂತೂ ಬರೀ ಹವಾಮಾನ ಹೇಳುತ್ತದೆ: 35 ಡಿಗ್ರಿಯಲ್ಲಿ ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಸುಮಾರು 114 ಪಿಎಸ್‌ಐ, ಪೂರ್ತಿ ತುಂಬಿದ್ದರೂ ಅಷ್ಟೇ.

ಪೂರ್ತಿ ಖಾಲಿಯಾದ ಎಸಿಗೆ ನೇರ ತುಂಬಬೇಡಿ. ಸೋರಿಕೆ ರಿಪೇರಿಯಾಗಿ, ಪಂಪ್ ಹಚ್ಚಿ 30–45 ನಿಮಿಷ ವ್ಯಾಕ್ಯೂಮ್ ಎಳೆದು ತೇವ ತೆಗೆದ ಮೇಲಷ್ಟೇ ಲೇಬಲ್ಲಿನ ಪೂರ್ತಿ ತೂಕ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದು ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಅಲ್ಲಿ ವ್ಯಾಕ್ಯೂಮ್ ಗೇಜಿನ ಮುಳ್ಳು 27 ಇಂಚಿನ (ಪಾದರಸದ ಅಳತೆ) ಆಸುಪಾಸಿನಲ್ಲೇ ನಿಲ್ಲುತ್ತದೆ. ಪುಸ್ತಕದ 29 ಬರಲಿಲ್ಲವೆಂದು ಪಂಪನ್ನು ಬೈಯಬೇಡಿ.

ಕೊನೆಗೆ ಕಪ್ಲರ್ ತೆಗೆದು ಪೋರ್ಟಿನ ಮೇಲೆ ಸಾಬೂನು ನೀರು ಹನಿಸಿ. ಗುಳ್ಳೆ ಎದ್ದರೆ ಸೋರುತ್ತಿರುವುದು ಅಲ್ಲಿನ ವಾಲ್ವ್ ಪಿನ್. ಒಣಗಿಸಿ ಮುಚ್ಚಳ ಹಾಕಿ, ಅದರೊಳಗಿನ ರಬ್ಬರ್ ರಿಂಗ್ ಇದೆಯೇ ನೋಡಿಕೊಂಡು.